ಬಾಂಬಿನ ಬೆದರಿಕೆ ಯಾರೇ ಹಾಕಲಿ, ನಾವು ಸುಮ್ಮನಿರಬಾರದು: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ ನಮಸ್ಕಾರಗಳು.

2022ರ ನವೆಂಬರ್ 15ರಂದು ಜಿ20 ದೇಶಗಳ ನಾಯಕರು ಬಾಲಿಯಲ್ಲಿ ಸೇರಿದ್ದರು. ಅದೇ ದಿನ ಪೋಲೆಂಡಿನ ಪ್ಶೆವೊದುಫ್ ಎಂಬ ಹಳ್ಳಿಗೆ ಕ್ಷಿಪಣಿಯೊಂದು ಬಂದು ಬಿತ್ತು. ಉಕ್ರೇನ್ ಗಡಿ ಅಲ್ಲಿಂದ ತೀರಾ ಹತ್ತಿರ. ಇಬ್ಬರು ಸತ್ತರು. ಪೋಲೆಂಡ್ ನ್ಯಾಟೋ ಕೂಟದ ದೇಶ. ಒಬ್ಬರ ಮೇಲೆ ದಾಳಿ ಆದರೆ ಎಲ್ಲರ ಮೇಲೂ ಆದಂತೆ ಅನ್ನೋದು ಆ ಕೂಟದ ಮೂಲ ಕರಾರು. ಬಿದ್ದದ್ದು ರಷ್ಯಾದ ಕ್ಷಿಪಣಿಯೇ ಎಂದು ಸುದ್ದಿ ಹಬ್ಬಿತು. ಆ ಕೆಲವು ಗಂಟೆಗಳಲ್ಲಿ ಯಾರಾದರೂ ಸಿಟ್ಟಿನಲ್ಲಿ ಒಂದು ಮಾತಾಡಿ, ಆಮೇಲೆ ಹಿಂದೆ ಸರಿಯಲಾಗದೆ ಸಿಕ್ಕಿಹಾಕಿಕೊಂಡಿದ್ದರೆ ಏನಾಗುತ್ತಿತ್ತೋ. ಪುಣ್ಯಕ್ಕೆ ಹಾಗಾಗಲಿಲ್ಲ. ಬಾಲಿಯಲ್ಲೇ ಇದ್ದ ಅಮೆರಿಕದ ಅಧ್ಯಕ್ಷ ಬೈಡನ್, ಕ್ಷಿಪಣಿ ಬಂದ ದಾರಿ ನೋಡಿದರೆ ಅದು ರಷ್ಯಾದ ನೆಲದಿಂದ ಹಾರಿದ್ದು ಇರಲಿಕ್ಕಿಲ್ಲ ಎಂದರು. ಉಕ್ರೇನ್ ತನ್ನ ರಕ್ಷಣೆಗೆ ಹಾರಿಸಿದ ಕ್ಷಿಪಣಿಯೇ ದಾರಿ ತಪ್ಪಿ ಬಿದ್ದಿರುವ ಸಂಭವ ಜಾಸ್ತಿ ಎಂದು ಮರುದಿನ ನ್ಯಾಟೋ ಹೇಳಿತು.

ಆ ಮರುದಿನವೇ ಬಾಲಿ ಘೋಷಣೆ ಹೊರಬಿತ್ತು. ಅಣ್ವಸ್ತ್ರ ಬಳಸುವುದನ್ನಾಗಲಿ, ಬಳಸುತ್ತೇವೆ ಎಂದು ಬೆದರಿಸುವುದನ್ನಾಗಲಿ ಒಪ್ಪಲಾಗದು ಎಂಬ ಒಂದು ವಾಕ್ಯ ಅದರಲ್ಲಿದೆ. ಜಿ20ರಲ್ಲಿ ಅಮೆರಿಕವೂ ಇದೆ, ರಷ್ಯಾವೂ ಇದೆ. 2023ರಲ್ಲಿ ನಮ್ಮದೇ ಅಧ್ಯಕ್ಷತೆಯ ದೆಹಲಿ ಘೋಷಣೆಯಲ್ಲೂ ಆ ವಾಕ್ಯ ಉಳಿಯಿತು. ಈ ಪತ್ರ ಅದರ ಬಗ್ಗೆಯೇ. ಬರೆಸಿದವರಲ್ಲಿ ನಾವೂ ಇದ್ದೆವು, ಈಗ ಅದನ್ನು ಕಾಯುತ್ತಿದ್ದೇವಾ?

ಒಂದು ದೇಶ ಯುದ್ಧದಲ್ಲಿದೆ. ಹೊರಗಿನವರು ಅದಕ್ಕೆ ಶಸ್ತ್ರ, ಹಣ, ಗುಪ್ತ ಮಾಹಿತಿ ಕೊಡುತ್ತಿದ್ದಾರೆ. ಎದುರಾಳಿಯ ಹತ್ತಿರ ಅಣ್ವಸ್ತ್ರ ಇದೆ, ಕೊಡುತ್ತಿರುವವರ ಹತ್ತಿರವೂ ಇದೆ. ಇನ್ನೊಂದು ಹೆಜ್ಜೆ ಮುಂದಿಟ್ಟರೆ ನೋಡಿಕೊಳ್ಳಿ ಎಂದು ಎದುರಾಳಿ ಗದರಿಸುತ್ತಾನೆ. ಇದಕ್ಕೆ ಸುಲಭದ ಉತ್ತರಗಳು ಎರಡಿವೆ. ಎರಡೂ ನನಗೆ ಒಪ್ಪಿಗೆಯಿಲ್ಲ.

ಹೆದರಿ ನೆರವು ನಿಲ್ಲಿಸಿ ಅನ್ನೋದು ಮೊದಲನೆಯದು. ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಕಾಲದ ಅಣ್ವಸ್ತ್ರ ಸಿಡಿತಲೆಗಳನ್ನು ಬಿಟ್ಟುಕೊಟ್ಟ ದೇಶ. ಅದಕ್ಕೆ ಪ್ರತಿಯಾಗಿ ಅದರ ಗಡಿಯನ್ನು ಗೌರವಿಸುತ್ತೇವೆ ಎಂದು 1994ರಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿದವು. ಅಂಥ ದೇಶವನ್ನು ಬಾಂಬು ತೋರಿಸಿ ಒಂಟಿ ಮಾಡಬಹುದು ಅಂತಾದರೆ ಉಳಿದ ದೇಶಗಳು ಏನು ಕಲಿಯುತ್ತವೆ? ನಮಗೂ ಒಂದು ಬಾಂಬು ಬೇಕು ಅನ್ನೋದನ್ನು, ಅಲ್ವಾ?

ಇದೆಲ್ಲ ಬರೀ ಬೊಗಳೆ ಅನ್ನೋದು ಎರಡನೆಯದು. ಟ್ಯಾಂಕ್ ಕೊಟ್ಟರು, ಎಫ್-16 ವಿಮಾನ ಕೊಟ್ಟರು, ಏನಾಯಿತು ಎಂದು ಕೇಳುವವರಿದ್ದಾರೆ. ಆದರೆ ಅದನ್ನೆಲ್ಲ ಕೊಟ್ಟ ಬಗೆ ನೋಡಿ. ಉಕ್ರೇನಿನ ಆಕಾಶದಲ್ಲಿ ರಷ್ಯಾದ ವಿಮಾನ ಹಾರದಂತೆ ತಡೆಯಿರಿ ಎಂದು 2022ರ ಮಾರ್ಚ್‌ನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್ಸ್ಕಿ ಬೇಡಿಕೊಂಡರು. ಹಾಗೆ ತಡೆಯೋದು ಅಂದರೆ ರಷ್ಯಾದ ವಿಮಾನಗಳನ್ನು ನ್ಯಾಟೋ ಹೊಡೆದು ಉರುಳಿಸೋದು. ನ್ಯಾಟೋ ಒಪ್ಪಲಿಲ್ಲ. ಅಮೆರಿಕ ಹೈಮಾರ್ಸ್ ರಾಕೆಟ್ ವ್ಯವಸ್ಥೆ ಕೊಟ್ಟಾಗ ಸುಮಾರು 80 ಕಿಲೋಮೀಟರ್ ಹೋಗುವ ರಾಕೆಟ್ ಮಾತ್ರ ಕೊಟ್ಟು, 300 ಕಿಲೋಮೀಟರ್ ಹೋಗುವ ಕ್ಷಿಪಣಿಗಳನ್ನು ತಡೆಹಿಡಿಯಿತು. ಅಮೆರಿಕದ ಸೈನಿಕರು ಉಕ್ರೇನಿನಲ್ಲಿ ಕಾದಾಡುವುದಿಲ್ಲ ಎಂದು ಬೈಡನ್ ಮೊದಲೇ ಹೇಳಿಬಿಟ್ಟಿದ್ದರು. ಈ ಅಳೆದು ಸುರಿಯುವ ನಿಧಾನದಿಂದ ಜೀವಗಳು ಹೋದವು ಎಂದು ಉಕ್ರೇನಿನವರು ದೂರುತ್ತಾರೆ. ಆ ದೂರನ್ನು ತಳ್ಳಿಹಾಕಲು ನನಗೆ ಮನಸ್ಸಾಗದು. ಆದರೂ ಇಷ್ಟು ದಿನ ಏನೂ ಆಗಲಿಲ್ಲ ಅನ್ನೋದಕ್ಕೆ ಆ ನಿಧಾನವೂ ಒಂದು ಕಾರಣ ಇರಬಹುದು.

ನನ್ನ ಭಯ ಬೇರೆ. ಯಾವನೋ ನಾಯಕ ಒಂದು ದಿನ ಕೂತು, ಯೋಚಿಸಿ, ಗುಂಡಿ ಒತ್ತುತ್ತಾನೆ ಅನ್ನೋದಕ್ಕಿಂತ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಪ್ಪಾಗಿ ಓದುತ್ತಾರೆ ಅನ್ನೋದೇ ಹೆಚ್ಚು ಹೆದರಿಸುತ್ತದೆ. 2022ರ ಸೆಪ್ಟೆಂಬರ್ 29ರಂದು ಕಪ್ಪು ಸಮುದ್ರದ ಮೇಲೆ ಬ್ರಿಟನ್ನಿನ ಗಸ್ತು ವಿಮಾನವೊಂದು ಹಾರುತ್ತಿತ್ತು. ರಷ್ಯಾದ ಸುಖೋಯ್-27 ವಿಮಾನ ಅದರ ಹತ್ತಿರ ಕ್ಷಿಪಣಿ ಬಿಟ್ಟಿತು. ತಾಂತ್ರಿಕ ದೋಷ ಎಂದು ರಷ್ಯಾ ಹೇಳಿತು, ಬ್ರಿಟನ್ ಆಗ ಅದನ್ನು ಒಪ್ಪಿಕೊಂಡಿತು. ನೆಲದ ಮೇಲಿನ ನಿಯಂತ್ರಣ ಕೇಂದ್ರದಿಂದ ಬಂದ ಆದೇಶವನ್ನು ಪೈಲಟ್ ತಪ್ಪಾಗಿ ಅರ್ಥ ಮಾಡಿಕೊಂಡು ಹೊಡೆದೇಬಿಟ್ಟಿದ್ದ ಎಂದು ಮರುವರ್ಷ ಬಿಬಿಸಿ ವರದಿ ಮಾಡಿತು. ಗುರಿ ತಪ್ಪಿತು, ವಿಮಾನದಲ್ಲಿದ್ದವರು ಉಳಿದರು. ಆ ಕ್ಷಿಪಣಿ ಗುರಿ ಮುಟ್ಟಿದ್ದರೆ ಅಣ್ವಸ್ತ್ರ ಇರುವ ಎರಡು ದೇಶಗಳ ನಡುವೆ ಏನು ಮಾತು ನಡೆಯುತ್ತಿತ್ತು ಎಂದು ಊಹಿಸಿ.

ಇಂಥ ಹೊತ್ತಿನಲ್ಲಿ ಕಾಪಾಡಿದ್ದು ಏನು ಎಂದು ನೋಡಿದರೆ, ದೊಡ್ಡ ಸಂಗತಿಗಳೇನಲ್ಲ. ಒಂದು ಫೋನ್ ಲೈನು, ಒಂದು ಮುಂಗಡ ಸೂಚನೆ, ಒಂದು ಮುಂದೂಡಿಕೆ. ಯುದ್ಧ ಶುರುವಾದ ಒಂದೇ ವಾರದಲ್ಲಿ ಅಮೆರಿಕ ಮತ್ತು ರಷ್ಯಾದ ಸೇನೆಗಳು ನೇರ ಫೋನ್ ಸಂಪರ್ಕ ಇಟ್ಟುಕೊಂಡವು. ಪುಟಿನ್ ಅಣ್ವಸ್ತ್ರ ಪಡೆಗಳನ್ನು ವಿಶೇಷ ಸನ್ನದ್ಧ ಸ್ಥಿತಿಗೆ ತಂದ ಮೇಲೆ, ಅಪಾರ್ಥ ಬೇಡವೆಂದು ಅಮೆರಿಕ ಅಣ್ವಸ್ತ್ರ ಹೊರಬಲ್ಲ ತನ್ನ ಮಿನಿಟ್‌ಮನ್ ಕ್ಷಿಪಣಿಯ ಪರೀಕ್ಷೆಯನ್ನು ಮುಂದೂಡಿತು. 2024ರ ನವೆಂಬರ್ 21ರಂದು ರಷ್ಯಾ ದ್ನಿಪ್ರೊ ನಗರದ ಮೇಲೆ ಒರೆಶ್ನಿಕ್ ಹಾರಿಸಿತು. ಅಣ್ವಸ್ತ್ರ ಹೊರಬಲ್ಲ ಕ್ಷಿಪಣಿ ಅದು. ಉಡಾವಣೆಗೆ 30 ನಿಮಿಷ ಮೊದಲು ಅಮೆರಿಕಕ್ಕೆ ಸೂಚನೆ ಹೋಗಿತ್ತು ಎಂದು ರಷ್ಯಾ ಹೇಳಿತು. ಊರಿನ ಮೇಲೆ ಕ್ಷಿಪಣಿ ಹಾಕಿದವರನ್ನು ಹೊಗಳುವ ಮಾತೇ ಇಲ್ಲ. ಆದರೂ ಆ ಅರ್ಧ ಗಂಟೆ ಮುಖ್ಯವೇ.

ಇದನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರ ಮಾರ್ಚ್ 9ರಂದು ನಮ್ಮದೇ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದೊಳಗೆ ಬಿತ್ತು. ವಿಷಾದ ಸೂಚಿಸಿ ನಮ್ಮ ಸರ್ಕಾರದ ಹೇಳಿಕೆ ಬಂದದ್ದು ಎರಡು ದಿನದ ಮೇಲೆ. ಆಮೇಲೆ ವಾಯುಪಡೆಯ ಮೂವರು ಅಧಿಕಾರಿಗಳನ್ನು ಕೆಲಸದಿಂದ ತೆಗೆದರು. ಅದೇ ನಾವು, ಪಾಕಿಸ್ತಾನದ ಜೊತೆ ಎಷ್ಟೇ ಹದಗೆಟ್ಟಿದ್ದರೂ ಪ್ರತಿವರ್ಷ ಜನವರಿ 1ರಂದು ಅಣುಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತೇವೆ. ಒಬ್ಬರ ಸ್ಥಾವರಕ್ಕೆ ಇನ್ನೊಬ್ಬರು ಕೈಹಾಕಬಾರದು ಅನ್ನೋದು 1988ರ ಒಪ್ಪಂದ. ಯುರೋಪಿನ ಅತಿ ದೊಡ್ಡ ಅಣುವಿದ್ಯುತ್ ಸ್ಥಾವರ, ಆರು ರಿಯಾಕ್ಟರುಗಳ ಝಪೊರಿಝಿಯಾ, 2022ರ ಮಾರ್ಚ್‌ನಿಂದ ರಷ್ಯಾ ಸೇನೆಯ ಹಿಡಿತದಲ್ಲಿದೆ. ಅಲ್ಲಿಗೆ ಇಂಥದೊಂದು ಒಪ್ಪಂದದ ಮಾದರಿ ಕೊಡಬಲ್ಲವರು ನಾವಲ್ಲದೆ ಇನ್ಯಾರು?

ಮಾನ್ಯರೇ, ಇಲ್ಲಿಂದ ಮುಂದೆ ಸ್ವಲ್ಪ ಖಾರವಾಗಿ ಬರೆಯುತ್ತೇನೆ. ಎಲ್ಲರ ಜೊತೆಗೂ ಮಾತಾಡಬಲ್ಲ ದೇಶ ನಮ್ಮದು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮಾತಾಡಬಲ್ಲೆವು ಅನ್ನೋದು ನಿಜ. ಆದರೆ ನಮ್ಮ ಮಾತನ್ನು ನಂಬಬೇಕಲ್ಲ?

1950ರ ಅಕ್ಟೋಬರ್ ನೆನಪಿಸಿಕೊಳ್ಳಿ. ಕೊರಿಯಾ ಯುದ್ಧ ನಡೆಯುತ್ತಿತ್ತು. ಬೀಜಿಂಗ್‌ನಲ್ಲಿ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅಪರಾತ್ರಿಯಲ್ಲಿ ಕರೆಸಿಕೊಂಡರು. ಅಮೆರಿಕದ ಸೇನೆ ಎರಡು ಕೊರಿಯಾಗಳ ನಡುವಿನ ಗೆರೆಯಾದ 38ನೇ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆ ಎಂದರು. ನಾವು ಆ ಮಾತನ್ನು ತಲುಪಿಸಿದೆವು. ವಾಷಿಂಗ್ಟನ್ ನಂಬಲಿಲ್ಲ. ಚೀನಾದ್ದು ಬರೀ ಬೆದರಿಕೆ, ಪಣಿಕ್ಕರ್ ಆ ಕಡೆಗೆ ವಾಲಿದವರು ಎಂದುಕೊಂಡರು. ಅಮೆರಿಕದ ಸೇನೆ ದಾಟಿತು, ತಿಂಗಳು ಮುಗಿಯುವ ಮೊದಲೇ ಚೀನಾ ಸೈನಿಕರು ಇಳಿದರು. ನವೆಂಬರ್ 30ರಂದು ಅಧ್ಯಕ್ಷ ಟ್ರೂಮನ್ ಪತ್ರಕರ್ತರ ಮುಂದೆ ಅಣುಬಾಂಬ್ ಬಳಕೆ ಬಗ್ಗೆಯೂ ಯೋಚನೆ ಇದೆ ಎಂಬಂತೆ ಮಾತಾಡಿ, ಬ್ರಿಟನ್ ಪ್ರಧಾನಿ ಆಟ್ಲಿ ಗಾಬರಿಯಿಂದ ವಾಷಿಂಗ್ಟನ್‌ಗೆ ಓಡಿಬರಬೇಕಾಯಿತು. (ಅದೇ ಯುದ್ಧದಲ್ಲಿ ಸೋವಿಯತ್ ಪೈಲಟ್‌ಗಳು ಬೇರೆ ದೇಶದ ಗುರುತು ಹಾಕಿಕೊಂಡು ಅಮೆರಿಕದ ವಿಮಾನಗಳ ಮೇಲೆ ಕಾದಾಡಿದರು. ಅಮೆರಿಕಕ್ಕೆ ಇದು ಗೊತ್ತಿತ್ತು. ಗೊತ್ತಿಲ್ಲದವರಂತೆ ಇದ್ದುಬಿಟ್ಟರು. ಬಾಯಿ ಮುಚ್ಚಿಕೊಂಡಿದ್ದೂ ಒಮ್ಮೊಮ್ಮೆ ಲೋಕವನ್ನು ಉಳಿಸುತ್ತದೆ.)

ನಾವು ತಂದ ಸುದ್ದಿ ನಿಜವಾಗಿತ್ತು. ತಂದವರ ಮೇಲೆ ನಂಬಿಕೆ ಇರಲಿಲ್ಲ. ಈಗಲೂ ಅದೇ ಪಾಡು ಬರಬಹುದು ಅನ್ನೋದು ನನ್ನ ಆತಂಕ. ರಷ್ಯಾದಿಂದ ಎಣ್ಣೆ ಕೊಳ್ಳುತ್ತೇವೆ, ಶಸ್ತ್ರ ಕೊಳ್ಳುತ್ತೇವೆ. ವಿಶ್ವಸಂಸ್ಥೆಯ ಮತದಾನಗಳಲ್ಲಿ ದೂರ ಉಳಿದಿದ್ದೇವೆ. ಅದಕ್ಕೆ ಕಾರಣಗಳಿವೆ, ಅವು ನನಗೂ ಅರ್ಥವಾಗುತ್ತವೆ. ಯುದ್ಧದ ತಪ್ಪು ಒಪ್ಪುಗಳ ಬಗ್ಗೆ ಮತ ಹಾಕದೆ ಕೂರಬಹುದೇನೋ. ಅಣ್ವಸ್ತ್ರದ ಬೆದರಿಕೆ ಬಂದಾಗ ಹಾಗೆ ಕೂರಲು ಬರುವುದಿಲ್ಲ. ಮೊದಲು ನಾವಾಗಿ ಬಳಸುವುದಿಲ್ಲ ಎಂದು ಲೋಕಕ್ಕೆ ಮಾತು ಕೊಟ್ಟ ಅಣ್ವಸ್ತ್ರ ದೇಶ ನಾವು.

ಮಾತಾಡಿದಾಗ ಚೆನ್ನಾಗಿಯೇ ಮಾತಾಡಿದ್ದೇವೆ. ಇದು ಯುದ್ಧದ ಕಾಲ ಅಲ್ಲ ಎಂದು ಪ್ರಧಾನಿಯವರು 2022ರ ಸೆಪ್ಟೆಂಬರ್‌ನಲ್ಲಿ ಸಮರ್‌ಕಂದ್‌ನಲ್ಲಿ ಪುಟಿನ್ ಎದುರಿಗೇ ಹೇಳಿದರು. ಮರುತಿಂಗಳು ರಷ್ಯಾದ ರಕ್ಷಣಾ ಸಚಿವ ಶೊಯ್ಗು ಫೋನ್ ಮಾಡಿದಾಗ, ಯಾವ ಕಡೆಯವರೂ ಅಣ್ವಸ್ತ್ರಕ್ಕೆ ಕೈಹಾಕಬಾರದು ಎಂದು ರಾಜನಾಥ್ ಸಿಂಗ್ ಹೇಳಿದರು. ಆ ದನಿ ಒಂದು ಹಂಗಾಮಿಗೆ ಮುಗಿಯಬಾರದಿತ್ತು. 2024ರ ನವೆಂಬರ್ 19ರಂದು ಪುಟಿನ್ ಹೊಸ ಅಣ್ವಸ್ತ್ರ ನೀತಿಗೆ ಸಹಿ ಹಾಕಿದರು. ಅಣ್ವಸ್ತ್ರ ಇಲ್ಲದ ದೇಶ, ಇರುವ ದೇಶದ ಬೆಂಬಲದಿಂದ ದಾಳಿ ಮಾಡಿದರೆ ಇಬ್ಬರೂ ಸೇರಿ ಮಾಡಿದ್ದು ಎಂದೇ ಎಣಿಸುತ್ತೇವೆ ಎಂದು ಅದರಲ್ಲಿದೆ. ಬಾಲಿಯ ವಾಕ್ಯವನ್ನು ಹೆಸರಿಟ್ಟು, ಗಟ್ಟಿಯಾಗಿ ನೆನಪಿಸಲು ಅದಕ್ಕಿಂತ ಒಳ್ಳೆಯ ದಿನ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ರಷ್ಯಾದ ಮಾಜಿ ಅಧ್ಯಕ್ಷ ಮೆಡ್ವೆಡೆವ್ ಜೊತೆ ಮಾತಿಗೆ ಮಾತು ಬೆಳೆದು, ಎರಡು ಅಣು ಜಲಾಂತರ್ಗಾಮಿಗಳನ್ನು ಸರಿಯಾದ ಜಾಗಕ್ಕೆ ಕಳಿಸಲು ಹೇಳಿದ್ದೇನೆ ಎಂದು ಟ್ರಂಪ್ ಪ್ರಕಟಿಸಿದರು. ಅದೂ ಅಂಥದೇ ದಿನ. ಮಾಸ್ಕೋಗೆ ಹೇಳುವುದನ್ನೇ ವಾಷಿಂಗ್ಟನ್‌ಗೂ ಹೇಳಿದರೆ ಮಾತ್ರ ಎರಡೂ ಕಡೆಯವರು ನಮ್ಮನ್ನು ನಂಬುತ್ತಾರೆ.

ಇದೆಲ್ಲ ನಮ್ಮ ಕೈಲಾಗದ ಕೆಲಸ ಅನ್ನುವವರಿಗೆ 1973ರ ಅಕ್ಟೋಬರ್ ತೋರಿಸುತ್ತೇನೆ. ಇಸ್ರೇಲ್ ಜೊತೆ ಈಜಿಪ್ಟ್, ಸಿರಿಯಾ ಯುದ್ಧ ಮಾಡುತ್ತಿದ್ದವು. ಇಸ್ರೇಲಿಗೆ ಅಮೆರಿಕ, ಈಜಿಪ್ಟ್ ಮತ್ತು ಸಿರಿಯಾಕ್ಕೆ ಸೋವಿಯತ್ ಒಕ್ಕೂಟ ವಿಮಾನಗಳಲ್ಲಿ ಶಸ್ತ್ರ ಸುರಿಯುತ್ತಿದ್ದವು. ಅಮೆರಿಕ ಬಾರದಿದ್ದರೆ ನಾವೊಬ್ಬರೇ ಮಧ್ಯೆ ಬರಬೇಕಾದೀತು ಎಂದು ಸೋವಿಯತ್ ನಾಯಕ ಬ್ರೆಜ್ನೆವ್ ಪತ್ರ ಬರೆದರು. ಅಮೆರಿಕ ರಾತ್ರೋರಾತ್ರಿ ತನ್ನ ಪಡೆಗಳನ್ನು, ಅಣ್ವಸ್ತ್ರ ಪಡೆಗಳೂ ಸೇರಿ, ಎಚ್ಚರದ ಸ್ಥಿತಿಗೆ ಏರಿಸಿತು. ಅಕ್ಟೋಬರ್ 25ರಂದು ಭದ್ರತಾ ಮಂಡಳಿಯಲ್ಲಿ ಆ ಗಂಟು ಬಿಡಿಸಿದ ನಿರ್ಣಯ 340ನ್ನು ತಂದದ್ದು ಎಂಟು ಅಲಿಪ್ತ ದೇಶಗಳು. ಅವುಗಳಲ್ಲಿ ಭಾರತವೂ ಒಂದು. ಶಾಂತಿಪಡೆ ಹೋಗಲಿ, ಆದರೆ ಐದು ಕಾಯಂ ಸದಸ್ಯರ ಸೈನಿಕರು ಅದರಲ್ಲಿ ಬೇಡ ಎಂಬ ಜಾಣ ಏರ್ಪಾಡು ಅದರಲ್ಲಿತ್ತು. ಇಬ್ಬರಿಗೂ ಮುಖಭಂಗ ಆಗದೆ ಹಿಂದೆ ಸರಿಯಲು ದಾರಿ ಸಿಕ್ಕಿತು.

ಆದ್ದರಿಂದ ತಮ್ಮಲ್ಲಿ ಕೇಳುವುದು ಇಷ್ಟು. ಅಣ್ವಸ್ತ್ರದ ಬೆದರಿಕೆ ಯಾರ ಬಾಯಿಂದ ಬಂದರೂ, ಅದೇ ದಿನ ತಮ್ಮ ಸಚಿವಾಲಯ ಬಾಲಿಯ ವಾಕ್ಯವನ್ನು ಓದಿ ಹೇಳಲಿ. ರಷ್ಯಾ ಮತ್ತು ಶಸ್ತ್ರ ಕೊಡುವ ದೇಶಗಳ ಸೇನೆಗಳ ನಡುವಿನ ಫೋನ್ ಲೈನು, ಕ್ಷಿಪಣಿ ಉಡಾವಣೆಯ ಮುಂಗಡ ಸೂಚನೆ ಯಾವ ಕಾರಣಕ್ಕೂ ನಿಲ್ಲಬಾರದು ಎಂದು ಎರಡೂ ಕಡೆ ಒತ್ತಾಯಿಸಿ. ಅಮೆರಿಕ ಮತ್ತು ರಷ್ಯಾದ ಸಿಡಿತಲೆಗಳ ಸಂಖ್ಯೆಗೆ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದಿಂದ ರಷ್ಯಾ 2023ರಲ್ಲೇ ಅರ್ಧ ಹೊರಬಂದಿತ್ತು, ಅದರ ಅವಧಿ 2026ರ ಫೆಬ್ರುವರಿ 5ರವರೆಗೆ ಮಾತ್ರ ಇತ್ತು. ಉಳಿದಿರುವ ಸಣ್ಣಪುಟ್ಟ ಏರ್ಪಾಡುಗಳೇ ಈಗ ಆಸರೆ. ಇನ್ನೊಂದು, ಶಸ್ತ್ರ ಕೊಡುವುದಕ್ಕೂ ಸೈನಿಕರನ್ನು ಕಳಿಸುವುದಕ್ಕೂ ಇರುವ ಅಂತರ ಅಳಿಸಿಹೋಗದಂತೆ ನೋಡಿಕೊಳ್ಳಿ. ಉತ್ತರ ಕೊರಿಯಾ ತನ್ನ ಸೈನಿಕರನ್ನು ರಷ್ಯಾದ ಪರ ಕಾದಾಡಲು ಕಳಿಸಿದ್ದು ಆ ಗೆರೆಯನ್ನು ದಾಟಿದ ಕೆಲಸ. ಯುರೋಪಿನ ಯಾವುದಾದರೂ ದೇಶ ನಾಳೆ ಅದನ್ನೇ ಮಾಡಲು ಹೊರಟರೆ ಬೇಡ ಎನ್ನುವ ಬಾಯಿ ನಮಗಿರಬೇಕಾದರೆ, ಮೊದಲನೆಯದನ್ನೂ ತಪ್ಪು ಎಂದಿರಬೇಕು.

ಮುಂದಿನ ಅಧಿವೇಶನದಲ್ಲಿ ಇದರ ಬಗ್ಗೆ ಒಂದು ಹೇಳಿಕೆಯನ್ನು ಸದನದ ಮುಂದಿಡಿ. ಮಾಸ್ಕೋದಲ್ಲಿ ಏನು ಹೇಳಿದಿರಿ, ವಾಷಿಂಗ್ಟನ್ನಿನಲ್ಲಿ ಏನು ಹೇಳಿದಿರಿ ಅನ್ನೋದು ಅದರಲ್ಲಿ ಅಕ್ಕಪಕ್ಕದಲ್ಲಿರಲಿ. ಗುಟ್ಟಾಗಿ ಇಡಬೇಕಾದ್ದನ್ನು ಇಟ್ಟುಕೊಳ್ಳಿ, ಅಭ್ಯಂತರವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ