ಅಮಾವಾಸ್ಯೆಯಿಂದ ಅಮಾವಾಸ್ಯೆಗೆ: ಪೋಷಕರಿಗೊಂದು ಪತ್ರ

ಸರ್ಕಾರಿ ಪ್ರೌಢಶಾಲೆ
ಕೊಪ್ಪಳ ತಾಲ್ಲೂಕು
ದಿನಾಂಕ: 24-12-2025

ವಿಷಯ: ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳ ‘ಚಂದ್ರನ ವಹಿ’ ಹಾಗೂ ಇದೇ 27ರ ಶನಿವಾರ ಸಂಜೆಯ ವೀಕ್ಷಣೆ ಕುರಿತು

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಹೋದ ಶುಕ್ರವಾರ ಎಳ್ಳಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ ಉಂಡು ಬಂದ ಮೇಲೆ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಸಣ್ಣ ಜಗಳವಾಯಿತೆಂದು ತಿಳಿಯಿತು. ಅದಕ್ಕೆ ಕಾರಣ ನಾವೇ. ಸಂಜೆ ಏಳಕ್ಕೆ ಆಕಾಶ ನೋಡಿ, ಹೊಸ ವಹಿಯ ಮೊದಲ ಪುಟದಲ್ಲಿ ‘ಇವತ್ತು ಚಂದ್ರ ಕಾಣಲಿಲ್ಲ’ ಎಂದು ಬರೆಯಿರಿ ಅಂತ ಮಕ್ಕಳಿಗೆ ಹೇಳಿದ್ದೆವು. ಮಕ್ಕಳು ಮಾಳಿಗೆ ಹತ್ತಿದರು. ರಾತ್ರಿ ಎಂಟರ ಹೊತ್ತಿಗೆ ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಬ್ಬ ಹಿರಿಯರ ಧ್ವನಿ ಸಂದೇಶ ಬಂತು: “ಅಮಾಸಿ ದಿನ ಯಾರರ ಹೊಸ ಕೆಲಸ ಹಿಡೀತಾರೇನ್ರಿ ಅಕ್ಕೋರ? ಕಾಣದ ಚಂದ್ರಾಮನ್ನ ಹುಡುಗ್ರಿಗೆ ಏನ್ ತೋರಸ್ತೀರಿ?”

ಅದನ್ನು ಮೂರು ಸಲ ಕೇಳಿದೆ. ಮೊದಲ ಸಲ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಮೂರನೇ ಸಲ ಕೇಳುವಾಗ, ಪ್ರಶ್ನೆ ನಮ್ಮ ಮಕ್ಕಳು ಕೇಳುವ ಪ್ರಶ್ನೆಗಳಿಗಿಂತ ಚೆನ್ನಾಗಿದೆ ಅನ್ನಿಸಿತು. ಅದಕ್ಕೇ ಇಷ್ಟು ಉದ್ದದ ಪತ್ರ.

ಅಮಾವಾಸ್ಯೆಯಿಂದ ಶುರು ಮಾಡಿದ್ದು ಲೆಕ್ಕಕ್ಕಾಗಿ. ಅಳೆಯುವ ಪಟ್ಟಿ ಸೊನ್ನೆಯಿಂದ ಶುರುವಾಗುವ ಹಾಗೆ, ಚಂದ್ರನ ಲೆಕ್ಕವೂ ಕಾಣದ ದಿನದಿಂದ ಶುರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಈ ಮಾತನ್ನು ನಾವು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ತಾವೇ ದಿನ ಎಣಿಸಿ ಜನವರಿ 18ರ ಅವರಾತ್ರಿ ಅಮಾವಾಸ್ಯೆಗೆ ಮುಟ್ಟಿದರೆ ಬೇರೆಯದೇ ಆಗುತ್ತದೆ. ನಿಮ್ಮ ನಂಬಿಕೆಗೆ ಕೈ ಹಾಕುವ ಉದ್ದೇಶ ನಮಗಿರಲಿಲ್ಲ, ಈಗಲೂ ಇಲ್ಲ. ಅಮಾವಾಸ್ಯೆ ದಿನ ಮಾಳಿಗೆ ಹತ್ತುವುದು ಬೇಡವೆನ್ನುವ ಮನೆಯವರು ಜನವರಿಯಲ್ಲಿ ಅಂಗಳದಿಂದಲೇ ತೋರಿಸಿ. ಕಾಣದ ಚಂದ್ರ ಎಲ್ಲಿಂದ ನೋಡಿದರೂ ಕಾಣುವುದಿಲ್ಲ.

ಇದೆಲ್ಲ ಎಲ್ಲಿಂದ ಶುರುವಾಯಿತು ಅಂದರೆ, 2023ರ ಆಗಸ್ಟ್ 23ರ ಸಂಜೆಯಿಂದ. ನಿಮಗೂ ನೆನಪಿರುತ್ತದೆ. ಚಂದ್ರಯಾನ-3 ಇಳಿಯುವುದನ್ನು ತೋರಿಸಲು ಶಾಲೆಯಲ್ಲಿ ಪ್ರೊಜೆಕ್ಟರ್ ಹಾಕಿದ್ದೆವು, ನಿಮ್ಮಲ್ಲೂ ಹಲವರು ಬಂದಿದ್ದಿರಿ. 6 ಗಂಟೆ 4 ನಿಮಿಷಕ್ಕೆ ಅದರ ಲ್ಯಾಂಡರ್ ವಿಕ್ರಮ್ ಇಳಿದಾಗ ಚಪ್ಪಾಳೆಗೆ ತಗಡು ಅದುರಿತು. ಆಗ ಎಂಟನೇ ತರಗತಿಯ ಒಬ್ಬ ಹುಡುಗಿ, “ಅಕ್ಕೋರ, ಈಗ ಚಂದ್ರ ಎಲ್ಲಿದಾನ್ರಿ?” ಅಂತ ಕೇಳಿದಳು. ಒಬ್ಬರಿಗೂ ಗೊತ್ತಿರಲಿಲ್ಲ. ನನಗಂತೂ ಇಲ್ಲವೇ ಇಲ್ಲ. ನಾನು ಕನ್ನಡ ಪಾಠದವಳು, ಚಂದ್ರ ಎಂದರೆ ನನಗೆ ಉಪಮಾಲಂಕಾರ. ಹೊರಗೆ ಬಂದು ನೋಡಿದರೆ ಮೋಡದ ಸಂದಿಯಲ್ಲಿ, ನೀರಿನ ಟಾಕಿಯ ಮೇಲೆ, ದಕ್ಷಿಣಕ್ಕೆ, ಅರ್ಧಕ್ಕೆ ಸ್ವಲ್ಪ ಕಡಿಮೆ ಚಂದ್ರ. ಇನ್ನೂ ಬಿಸಿಲಿತ್ತು. ಒಂದು ತಾಸು ಅವನು ನಮ್ಮ ತಲೆಯ ಮೇಲೆಯೇ ಇದ್ದ, ನಾವೆಲ್ಲ ಗೋಡೆ ನೋಡುತ್ತಾ ಕೂತಿದ್ದೆವು.

ಆಮೇಲೆ ನಮ್ಮ ವಿಜ್ಞಾನ ಶಿಕ್ಷಕರು ಒಂಬತ್ತನೇ ತರಗತಿಗೆ ಹೋಗಿ, ಚಂದ್ರ ಯಾಕೆ ದಿನಾ ಸಣ್ಣದು ದೊಡ್ಡದು ಆಗುತ್ತಾನೆ ಎಂದು ಕೇಳಿದರು. ಮುಕ್ಕಾಲು ಮಕ್ಕಳು ‘ಭೂಮಿಯ ನೆರಳು ಬೀಳುತ್ತದೆ’ ಎಂದರು. ಸ್ಟಾಫ್ ರೂಮಿನಲ್ಲಿ ನಮ್ಮಲ್ಲೂ ಇಬ್ಬರು ಹಾಗೆಯೇ ಹೇಳಿದೆವು, ಅದರಲ್ಲಿ ನಾನೊಬ್ಬಳು. ತಪ್ಪು. ಭೂಮಿಯ ನೆರಳು ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ. ದಿನದಿನದ ಚಂದ್ರನದು ಬೇರೆ ಕಥೆ: ಚಂದ್ರನ ಅರ್ಧ ಭಾಗಕ್ಕೆ ಯಾವಾಗಲೂ ಬಿಸಿಲಿರುತ್ತದೆ, ಆ ಬಿಸಿಲಿನ ಅರ್ಧದಲ್ಲಿ ನಮ್ಮ ಕಡೆಗೆ ಎಷ್ಟು ತಿರುಗಿದೆಯೋ ಅಷ್ಟೇ ನಮಗೆ ಕಾಣುತ್ತದೆ. ಪುಸ್ತಕದಲ್ಲಿ ಚಿತ್ರ ಇದೆ. ಆ ಚಿತ್ರವನ್ನು ಮಕ್ಕಳು ಎಷ್ಟೋ ವರ್ಷದಿಂದ ಪೆನ್ಸಿಲಿನಲ್ಲಿ ಚಂದ ಮಾಡಿ ತೆಗೆದು ಅಂಕ ಪಡೆಯುತ್ತಲೇ ಇದ್ದಾರೆ, ನೆರಳು ಅಂತ ಹೇಳುತ್ತಲೂ ಇದ್ದಾರೆ.

ವಹಿಯಲ್ಲಿ ಮಕ್ಕಳು ಬರೆಯಬೇಕಾದದ್ದು ನಾಲ್ಕು ಸಾಲು: ಎಷ್ಟು ಹೊತ್ತಿಗೆ ನೋಡಿದೆ, ಯಾವ ದಿಕ್ಕು, ಯಾವ ಆಕಾರ, ಪಕ್ಕದಲ್ಲಿ ಏನಿತ್ತು. ಐದು ನಿಮಿಷದ ಕೆಲಸ. ಕೆಲವು ತಾಯಂದಿರು, ಮುಂದೆ ಹುಣ್ಣಿಮೆ ಕಳೆದ ಮೇಲೆ ನಡುರಾತ್ರಿ ಮಕ್ಕಳನ್ನು ಎಬ್ಬಿಸಬೇಕಾ ಎಂದು ಕೇಳಿದ್ದೀರಿ. ಒಬ್ಬ ಹುಡುಗನಂತೂ ಈಗಲೇ ಅಪ್ಪನ ಮೊಬೈಲಿನಲ್ಲಿ ಮೂರು ಗಂಟೆಗೆ ಅಲಾರಂ ಇಟ್ಟು ಇಡೀ ಮನೆ ಎಬ್ಬಿಸಿದನಂತೆ. ದಯವಿಟ್ಟು ಬೇಡ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಮೂಡುತ್ತಾ ಹೋಗುತ್ತಾನೆ, ಹಾಗಾಗಿ ಹುಣ್ಣಿಮೆ ಆದ ಮೇಲೆ ಬೆಳಿಗ್ಗೆ ಶಾಲೆಗೆ ಬರುವ ದಾರಿಯಲ್ಲೇ ಪಶ್ಚಿಮಕ್ಕೆ ಸಿಗುತ್ತಾನೆ. ಹಗಲು ಚಂದ್ರ ಕಾಣುತ್ತಾನೆಂದು ನಂಬದವರು ಜನವರಿ ಎರಡನೇ ವಾರದಲ್ಲಿ ಎಂಟು ಗಂಟೆಗೆ ತಲೆ ಎತ್ತಿ ನೋಡಿ.

ಮೊದಲ ನಾಲ್ಕೈದು ದಿನದಲ್ಲೇ ಏನಾಯಿತು ಹೇಳುತ್ತೇನೆ. ಅಮಾವಾಸ್ಯೆಯ ಮರುದಿನ ಶನಿವಾರ ಎಲ್ಲರೂ ಪಶ್ಚಿಮಕ್ಕೆ ನೋಡಿದರು, ಕಾಣಲಿಲ್ಲ. ಎಂಟನೇ ತರಗತಿಯ ಒಬ್ಬ ಹುಡುಗ ಮಾತ್ರ, “ಇವತ್ತು ಕಾಣಂಗಿಲ್ಲ, ನಾಳೆ ಹೊತ್ತು ಮುಳುಗಿ ಇಪ್ಪತ್ತು ನಿಮಿಷಕ್ಕ ಕಾಣ್ತದ” ಅಂದಿದ್ದನಂತೆ. ಅವನ ಅಜ್ಜ ಪ್ರತಿ ರಂಜಾನಿಗೆ ಊರಿನವರಿಗೆಲ್ಲ ಚಾಂದ್ ತೋರಿಸುವವರು. ಭಾನುವಾರ ಸಂಜೆ ಅವನು ಹೇಳಿದಲ್ಲೇ, ಉಗುರಿನ ತುದಿಯಂಥ ಗೆರೆ. ನಮ್ಮ ಕಡೆ ಎಳೆ ಚಂದ್ರ ಅಂಗಾತ ಮಲಗಿದ ದೋಣಿಯ ಹಾಗೆ ಕಾಣುತ್ತದೆ, ನಿಂತ ಕುಡುಗೋಲಿನ ಹಾಗಲ್ಲ. ಆದರೂ ಅರ್ಧ ತರಗತಿ ಪುಸ್ತಕದ ಚಿತ್ರದಂತೆ ನಿಂತದ್ದನ್ನೇ ಬರೆದುಕೊಂಡು ಬಂದಿತ್ತು. ನೋಡಿದ್ದು ಒಂದು, ಬರೆದದ್ದು ಇನ್ನೊಂದು. ಸೋಮವಾರ ಇದರ ಬಗ್ಗೆಯೇ ಒಂದು ಪೀರಿಯಡ್ ವಾದ ನಡೆಯಿತು. ಗಣಿತದ ಪೀರಿಯಡ್ ಅದು, ಗಣಿತ ಶಿಕ್ಷಕರು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ.

ಎಲ್ಲಕ್ಕಿಂತ ಒಳ್ಳೆಯ ಟಿಪ್ಪಣಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯದು. ಅಂಗಳದಲ್ಲಿ ಪಾತ್ರೆ ತಿಕ್ಕುತ್ತಾ ನೋಡಿದಳಂತೆ: ‘ಚಂದ್ರನ ಬೆಳಕಿಲ್ಲದ ಭಾಗವೂ ಬೂದಿ ಬಣ್ಣದಲ್ಲಿ ಕಾಣುತ್ತಿದೆ, ಇಡೀ ಗುಂಡು ಕಾಣುತ್ತಿದೆ.’ ನನಗೆ ಅರ್ಥವಾಗದೆ ವಿಜ್ಞಾನ ಶಿಕ್ಷಕರನ್ನು ಕೇಳಿದೆ. ಅದು ನಮ್ಮ ಭೂಮಿಯ ಬೆಳಕಂತೆ. ಸೂರ್ಯನ ಬಿಸಿಲು ಭೂಮಿಗೆ ಬಿದ್ದು, ಅಲ್ಲಿಂದ ಚಂದ್ರನ ಕತ್ತಲಿಗೆ ಹೋಗಿ, ಮತ್ತೆ ನಮ್ಮ ಕಣ್ಣಿಗೆ ಬರುತ್ತದೆ. ಇದನ್ನು ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳ ಮನೆಯಿಂದ ನಿನ್ನೆ ಚೀಟಿ ಬಂದಿದೆ, ಶನಿವಾರ ಕಳಿಸುವುದಿಲ್ಲವೆಂದು. ಅಂಥ ಚೀಟಿಗಳು ನನ್ನ ಮೇಜಿನ ಮೇಲೆ ಇನ್ನೂ ಇವೆ. ಗಂಡುಮಕ್ಕಳದು ಒಂದೂ ಇಲ್ಲ.

ನಿಮ್ಮ ಹೆದರಿಕೆ ನನಗೆ ಗೊತ್ತಿಲ್ಲದ್ದಲ್ಲ. ನಾನೂ ಇದೇ ಸೀಮೆಯಲ್ಲಿ ಬೆಳೆದವಳು, ಸಂಜೆ ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಿದರೆ ಅವ್ವ ಬೈಯುತ್ತಿದ್ದಳು. ಕಾಲ ಸರಿಯಿಲ್ಲ ಎನ್ನುವ ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಹತ್ತಿ ಬಿಡಿಸಿ ಟಂಟಂನಲ್ಲಿ ಇದೇ ಹೆಣ್ಣುಮಕ್ಕಳು ರಾತ್ರಿ ಏಳೂವರೆಗೆ ಊರು ಮುಟ್ಟುವುದಿಲ್ಲವೇ? ಜನವರಿ 5ರಂದು ಗವಿಮಠದ ತೇರು. ಹತ್ತು ಗಂಟೆಯಾದರೂ ಜಾತ್ರೆಯಲ್ಲಿ ಬಳೆ ಅಂಗಡಿ ಸುತ್ತುವುದಿಲ್ಲವೇ? ವಾದಕ್ಕೆಂದು ಹೇಳುತ್ತಿಲ್ಲ. ಅಲ್ಲೆಲ್ಲ ನೀವು ಜೊತೆಗಿರುತ್ತೀರಿ, ಧೈರ್ಯ ಅದರಿಂದ ಬರುತ್ತದೆ, ಒಪ್ಪುತ್ತೇನೆ. ಅದಕ್ಕೇ ಏರ್ಪಾಟನ್ನು ಸ್ಪಷ್ಟವಾಗಿ ಹೇಳುತ್ತೇನೆ. ವೀಕ್ಷಣೆ ಸಂಜೆ ಐದರಿಂದ ಎಂಟರವರೆಗೆ, ಒಂದು ನಿಮಿಷ ಹೆಚ್ಚಿಲ್ಲ. ಮಾಳಿಗೆಯ ಮೇಲಲ್ಲ, ಮೈದಾನದಲ್ಲಿ. ನಾನು, ಹಿಂದಿ ಶಿಕ್ಷಕಿ, ಬಿಸಿಯೂಟದ ಇಬ್ಬರು ಅಕ್ಕಂದಿರು ಕೊನೆಯ ಮಗು ಹೋಗುವವರೆಗೆ ಇರುತ್ತೇವೆ. ಕತ್ತಲಲ್ಲಿ ನಿಲ್ಲಿಸುತ್ತಾರೆ ಅಂತ ಯಾರೋ ಹೇಳಿದ್ದಾರಂತೆ. ಚಂದ್ರನನ್ನು ನೋಡಲು ಕತ್ತಲು ಬೇಕಿಲ್ಲ, ಅವನಿಗೇ ಬೇಕಾದಷ್ಟು ಬೆಳಕಿದೆ. ಮೈದಾನದ ದೀಪಗಳೆಲ್ಲ ಉರಿಯುತ್ತಲೇ ಇರುತ್ತವೆ.

ಹೆಣ್ಣುಮಕ್ಕಳಿಗೆ ಬೇರೆ ದಿನ, ಹಗಲಿನಲ್ಲಿ, ಟೀವಿಯಲ್ಲಿ ತೋರಿಸಿ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರು ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ನಾನು ಒಪ್ಪಲಿಲ್ಲ. ಗಂಡುಮಕ್ಕಳಿಗೆ ಆಕಾಶ, ಹೆಣ್ಣುಮಕ್ಕಳಿಗೆ ಗೋಡೆ ಎನ್ನುವುದನ್ನು ನಾನು ಈ ಶಾಲೆಯಲ್ಲಿ ಇರುವವರೆಗೆ ಮಾಡಲಾರೆ. ಒರಟಾಗಿ ಕೇಳಿಸಿದರೆ ಕ್ಷಮಿಸಿ. ಬೂದಿ ಬಣ್ಣ ಕಂಡವಳು ಬರದೇ, ಪುಸ್ತಕದ ಚಿತ್ರ ನಕಲು ಮಾಡಿದವರು ಬಂದರೆ ದೂರದರ್ಶಕ ಇಟ್ಟು ಏನು ಉಪಯೋಗ? ಬಲವಂತ ಮಾಡುತ್ತಿಲ್ಲ. ಬಾರದ ಮಗುವಿನ ಹಾಜರಿಗೂ ಅಂಕಕ್ಕೂ ಏನೂ ಆಗುವುದಿಲ್ಲ. ಇನ್ನೊಮ್ಮೆ ಯೋಚಿಸಿ, ಅಷ್ಟೇ.

ಶನಿವಾರವೇ ಯಾಕೆಂದರೆ, ಅವತ್ತು ಚಂದ್ರ ಸರಿಯಾಗಿ ಅರ್ಧ. ಹುಣ್ಣಿಮೆ ದಿನ ಇಡಬಹುದಿತ್ತಲ್ಲ ಎಂದು ಹಲವರು ಕೇಳಿದ್ದೀರಿ. ಹುಣ್ಣಿಮೆಯ ಬಿಸಿಲು ಚಂದ್ರನ ಮೇಲೆ ನೇರ ಬೀಳುವುದರಿಂದ ನೆರಳೇ ಇರುವುದಿಲ್ಲ, ನಡುಮಧ್ಯಾಹ್ನದ ಹೊಲದ ಹಾಗೆ ಎಲ್ಲ ಸಪಾಟು. ಅರ್ಧ ಚಂದ್ರನಲ್ಲಿ ಬೆಳಕು ಕತ್ತಲು ಸೇರುವ ಗೆರೆಯ ಪಕ್ಕ ಗುಂಡಿಗಳಿಗೆ, ಬೆಟ್ಟಗಳಿಗೆ ಉದ್ದುದ್ದ ನೆರಳು. ಆ ಗೆರೆಯಲ್ಲಿ ಆಗ ತಾನೆ ಹೊತ್ತು ಮೂಡುತ್ತಿರುತ್ತದೆ. ವಿಕ್ರಮ್ ಇಳಿಸಲು ಇಸ್ರೋದವರು ಕಾದದ್ದೂ ಇಂಥ ಬೆಳಗಿಗೇ. ಅಲ್ಲಿ ಒಂದು ಹಗಲು ನಮ್ಮ ಸುಮಾರು 14 ದಿನ, ಲ್ಯಾಂಡರ್ ಆ ಹಗಲಿನಲ್ಲಿ ಸೌರವಿದ್ಯುತ್ತಿನಿಂದ ಕೆಲಸ ಮಾಡಿತು. ನೆಲಕ್ಕೆ ಚುಚ್ಚಿದ ಥರ್ಮಾಮೀಟರ್ ಮೇಲ್ಮೈಯಲ್ಲಿ 50 ಡಿಗ್ರಿ ದಾಟಿದ ಕಾವು ತೋರಿಸಿತು, 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ. ನಮ್ಮ ಗೇಣಿನಲ್ಲಿ ಅರ್ಧವೂ ಇಲ್ಲ ಆ ಆಳ. ಶನಿವಾರ ಆ ಜಾಗದಲ್ಲಿ ಬಿಸಿಲಿರುತ್ತದೆ, ಎಲ್ಲಿ ಅಂತ ತೋರಿಸುತ್ತೇವೆ. ಲ್ಯಾಂಡರ್ ಮಾತ್ರ ಕಾಣುವುದಿಲ್ಲ. ನಮ್ಮ ಶಿಕ್ಷಕರು ಸ್ವಂತ ದುಡ್ಡಿನಲ್ಲಿ ತಂದ ಈ ಸಣ್ಣ ದೂರದರ್ಶಕದಲ್ಲಷ್ಟೇ ಅಲ್ಲ, ಭೂಮಿಯ ಮೇಲಿನ ಯಾವುದರಲ್ಲೂ ಕಾಣುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು, ಮುಚ್ಚಿಡುವುದು ಸರಿಯಲ್ಲ. ಅವತ್ತು ಚಂದ್ರನಿಂದ ಸ್ವಲ್ಪ ಪಶ್ಚಿಮಕ್ಕೆ ಶನಿ ಗ್ರಹ ಇರುತ್ತದೆ. ಶನಿವಾರ, ಶನಿ, ಮೇಲೆ ನನ್ನ ಹಣೆಬರಹ. ಅದನ್ನೂ ತೋರಿಸುತ್ತೇವೆ. ಈ ವರ್ಷ ಅದರ ಬಳೆ ನಮಗೆ ಅಂಚಿನಿಂದ ಕಾಣುವುದರಿಂದ ಚೆಂಡಿಗೆ ಸೂಜಿ ಚುಚ್ಚಿದ ಹಾಗಿರುತ್ತದೆ. ಮನಸ್ಸಿಗೆ ಬಾರದವರ ಮಕ್ಕಳು ಅದನ್ನು ಬಿಟ್ಟು ಚಂದ್ರನನ್ನಷ್ಟೇ ನೋಡಲಿ, ಯಾರೂ ಕೇಳುವುದಿಲ್ಲ. ಸೆಪ್ಟೆಂಬರ್ 7ರ ಖಗ್ರಾಸ ಗ್ರಹಣಕ್ಕೆ ಮಕ್ಕಳನ್ನು ಕರೆಯದೇ ಸುಮ್ಮನಿದ್ದದ್ದು ನಿಮ್ಮ ಹೆದರಿಕೆಯಿಂದಲೇ. ಮುಂದಿನ ಮಾರ್ಚ್ 3ಕ್ಕೆ ಗ್ರಹಣ ಹಿಡಿದಂತೆಯೇ ಚಂದ್ರ ಮೂಡುತ್ತಾನೆ, ಆರೂಮುಕ್ಕಾಲಿನ ಹೊತ್ತಿಗೆ ಬಿಡುತ್ತದೆ. ಅದರ ಬಗ್ಗೆ ಆಗ ಬರೆಯುತ್ತೇನೆ, ಸದ್ಯಕ್ಕೆ ಒಂದು ಜಗಳ ಸಾಕು.

ಹತ್ತನೇ ತರಗತಿಯವರಿಗೆ ವಹಿ ಕಡ್ಡಾಯವಲ್ಲ, ಸಂಜೆಯ ವಿಶೇಷ ತರಗತಿ ಎಂದಿನಂತೆ ನಡೆಯುತ್ತದೆ. ಇದರಿಂದ ಪರೀಕ್ಷೆಯಲ್ಲಿ ಅಂಕ ಬರುತ್ತದೆಯೇ ಎಂದು ಕೇಳಿದವರಿಗೆ: ಬರುವುದಿಲ್ಲ.

ಕೊನೆಗೆ ನಮ್ಮ ಕೋರಿಕೆ. ಶನಿವಾರ ರಾತ್ರಿ ಎಂಟಕ್ಕೆ ಸರಿಯಾಗಿ ಮಗುವನ್ನು ಕರೆದೊಯ್ಯಲು ಮನೆಯಿಂದ ಒಬ್ಬರು ಬನ್ನಿ.

ಹತ್ತು ನಿಮಿಷ ಮೊದಲೇ ಬಂದರೆ ನೀವೂ ಒಮ್ಮೆ ಕಣ್ಣಿಟ್ಟು ನೋಡಬಹುದು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಇರುತ್ತದೆ. ಧ್ವನಿ ಸಂದೇಶ ಕಳಿಸಿದ ಹಿರಿಯರು ಖಂಡಿತ ಬರಬೇಕು, ಸರದಿಯಲ್ಲಿ ನಿಲ್ಲಿಸುವುದಿಲ್ಲ. ಮೋಡವಿದ್ದರೆ ಭಾನುವಾರ ಅದೇ ಹೊತ್ತಿಗೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಪ್ರತಿ ಮಗು ಒಂದು ನಿಂಬೆಹಣ್ಣು ತರಲಿ. ಸಂಜೆ ಐದಕ್ಕೆ ಸೂರ್ಯ ಪಶ್ಚಿಮಕ್ಕೆ, ಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಇಬ್ಬರೂ ಒಟ್ಟಿಗೆ ಇರುತ್ತಾರೆ. ಆಗ ನಿಂಬೆಹಣ್ಣನ್ನು ಬಿಸಿಲಿನಲ್ಲಿ ಚಂದ್ರನ ಕಡೆಗೆ ಎತ್ತಿ ಹಿಡಿದರೆ ಹಣ್ಣಿಗೂ ಅರ್ಧ ಬೆಳಕು, ಅರ್ಧ ಕತ್ತಲು, ಚಂದ್ರನಿಗೂ ಹಾಗೆಯೇ. ನೆರಳಿನ ವಾದಕ್ಕೆ ಅಲ್ಲೇ ಉತ್ತರ ಸಿಗುತ್ತದೆ. ಹಣ್ಣು ಹೊಸದಿರಲಿ, ಅಮಾವಾಸ್ಯೆಗೆ ಗಾಡಿಗೆ ಕಟ್ಟಿದ್ದನ್ನು ಬಿಚ್ಚಿ ಕಳಿಸಬೇಡಿ.