ಕೆಂಪು ದೀಪದ ದಿನಗಳಿಗೂ ಲೆಕ್ಕ ಬೇಕು: ನಮ್ಮ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ಕಳಸ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರನ ನಮಸ್ಕಾರಗಳು.

ಆಪ್ಟಿಕಲ್ ಫೈಬರ್ ಕೇಬಲ್ಲಿನಿಂದ ಹಳ್ಳಿಗಳಿಗೆ ಇಂಟರ್ನೆಟ್ ತರುವ ಕೇಂದ್ರದ ಯೋಜನೆಯಾದ ಭಾರತ್‌ನೆಟ್‌ನ ಪೆಟ್ಟಿಗೆ ನಮ್ಮ ಗ್ರಾಮ ಪಂಚಾಯಿತಿಗೆ ಬಂದಾಗ ನಾನು ಸದಸ್ಯನಾಗಿದ್ದೆ. ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಇನ್ನು ಪಹಣಿಗೂ ಆದಾಯ ಪ್ರಮಾಣಪತ್ರಕ್ಕೂ ಪೇಟೆಗೆ ಅಲೆಯುವುದು ತಪ್ಪಿತು ಎಂದು ಮನೆ ಮನೆಗೆ ಹೇಳಿ ಬಂದಿದ್ದೆ. ಆ ಮಾತಿನ ಋಣ ಇನ್ನೂ ತೀರಿಲ್ಲ. ಅದಕ್ಕಾಗಿಯೇ ಈ ಪತ್ರ.

ಕಳೆದ ಆಷಾಢದ ಒಂದು ಬೆಳಿಗ್ಗೆ. ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಯ ಹೆಣ್ಣುಮಗಳೊಬ್ಬರು ವಿಧವಾ ವೇತನದ ಅರ್ಜಿಗೆಂದು ಮೂರನೆಯ ಸಲ ಪಂಚಾಯಿತಿಗೆ ಬಂದಿದ್ದರು. ಪ್ಲಾಸ್ಟಿಕ್ ಕೊಪ್ಪೆ ಕಳಚಿ, ಹಿಮ್ಮಡಿಗೆ ಕಚ್ಚಿದ್ದ ಇಂಬಳವನ್ನು ಬಿಡಿಸಿಕೊಂಡು ಜಗಲಿಯಲ್ಲಿ ಕುಳಿತರು. ಒಳಗೆ ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಕೇಬಲ್ಲಿನಲ್ಲಿ ಬೆಳಕು ಬರುತ್ತಿಲ್ಲ ಎಂಬುದಕ್ಕೆ ಅದೇ ಗುರುತು. ಕಂಪ್ಯೂಟರ್ ಆಪರೇಟರ್ ಹುಡುಗ ತನ್ನ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ, ತನ್ನದೇ ಡೇಟಾ ಖರ್ಚು ಮಾಡಿ ಅರ್ಜಿ ತುಂಬುತ್ತಿದ್ದ. ಕೊನೆಯ ಪುಟಕ್ಕೆ ಬಂದಾಗಲೆಲ್ಲ ಸಿಗ್ನಲ್ ಹೋಗುತ್ತಿತ್ತು. ನಾಲ್ಕನೆಯ ಸಲವೂ ಹೋದ ಮೇಲೆ, "ನಾಳೆ ಬನ್ನಿ ಅಮ್ಮ" ಎಂದ. ಆಕೆಗೆ ಒಂದು ದಿನದ ಕೂಲಿ ಹೋಯಿತು. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಶಕ್ತಿ ಯೋಜನೆ ಅದಕ್ಕಿಲ್ಲ. ಬಸ್ಸಿನ ದುಡ್ಡೂ ಹೋಯಿತು.

ಎರಡು ಕಿಲೋಮೀಟರ್ ಕೆಳಗೆ ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ಕೇಬಲ್ಲನ್ನು ಕಿತ್ತು ಹಾಕಿತ್ತು. ಕಿತ್ತಳೆ ಬಣ್ಣದ ಪೈಪು ಮಣ್ಣಿನಿಂದ ಮೇಲೆದ್ದು, ಅದರ ಬಾಯಿಗೆ ಮಳೆನೀರು ಇಳಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಕೇಬಲ್ ಎಲ್ಲಿದೆಯೆಂದು ಯಾರೂ ತಿಳಿಸಿರಲಿಲ್ಲ ಎಂದರು ರಸ್ತೆಯವರು. ಅಗೆಯುವ ಮುನ್ನ ಯಾರೂ ಕೇಳಲಿಲ್ಲ ಎಂದರು ಕೇಬಲಿನವರು. ಮಳೆ ಬಿಡುವವರೆಗೂ ಪೈಪು ಹಾಗೆಯೇ ಬಿದ್ದಿತ್ತು.

ಈ ಯೋಜನೆಯ ಚರಿತ್ರೆ ತಮಗೆ ಗೊತ್ತಿರುವುದೇ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳನ್ನು ಎರಡೇ ವರ್ಷದಲ್ಲಿ ಜೋಡಿಸುತ್ತೇವೆ ಎಂದಿತ್ತು. ಸರ್ಕಾರ ಬದಲಾಯಿತು, 2015ರಲ್ಲಿ ಹೆಸರು ಭಾರತ್‌ನೆಟ್ ಎಂದಾಯಿತು. ಮೊದಲ ಒಂದು ಲಕ್ಷ ಪಂಚಾಯಿತಿ ಮುಗಿಯುವಾಗ 2017ರ ಡಿಸೆಂಬರ್. 2020ರ ಸ್ವಾತಂತ್ರ್ಯ ದಿನ ಕೆಂಪುಕೋಟೆಯಿಂದ, ಸಾವಿರ ದಿನದಲ್ಲಿ ಆರು ಲಕ್ಷ ಹಳ್ಳಿಗಳಿಗೆ ಕೇಬಲ್ ಎಂಬ ಮಾತು ಬಂತು. ಮರುವರ್ಷ ಕರ್ನಾಟಕವೂ ಸೇರಿ 16 ರಾಜ್ಯಗಳ ಕೆಲಸವನ್ನು ಖಾಸಗಿ ಸಹಭಾಗಿತ್ವಕ್ಕೆ ಕೊಡಲು ಹೊರಟರು. ಟೆಂಡರಿಗೆ ಯಾರೂ ಮುಂದೆ ಬರಲಿಲ್ಲ. ಸಾವಿರ ದಿನ 2023ರ ಮೇ ತಿಂಗಳಿಗೆ ಕಳೆದವು. ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆ ಬಂತು. ಎರಡೂ ಪಕ್ಷದವರು ಒಪ್ಪಿದ ಕೆಲಸ ಇದು. ಆದರೆ ಇಬ್ಬರೂ ಎಣಿಸಿದ್ದು ಒಂದನ್ನೇ: ಎಷ್ಟು ಕಿಲೋಮೀಟರ್ ಹೂತೆವು, ಎಷ್ಟು ಪಂಚಾಯಿತಿ ಮುಟ್ಟಿದೆವು. ಮುಟ್ಟಿದ ಮೇಲೆ ಎಷ್ಟು ದಿನ ನಡೆಯಿತು ಎಂದು ಯಾವ ವೇದಿಕೆಯಲ್ಲೂ ನಾನು ಕೇಳಿಲ್ಲ. ಉದ್ಘಾಟನೆಗೆ ಫೋಟೊ ಉಂಟು, ರಿಪೇರಿಗೆ ಇಲ್ಲ.

ಹೊಸ ಯೋಜನೆಯಲ್ಲಿ ನನಗೆ ನಿಜಕ್ಕೂ ಭರವಸೆ ಹುಟ್ಟಿಸಿರುವುದು ಕೇಬಲ್ಲನ್ನು ಉಂಗುರದಂತೆ ಸುತ್ತಿ ತರುವ ವಿಧಾನ. ಇಲ್ಲಿಯವರೆಗೆ ಬಹುಪಾಲು ಕಡೆ ತಾಲ್ಲೂಕು ಕೇಂದ್ರದಿಂದ ಹೊರಟ ಕೇಬಲ್ ಒಂದೇ ದಾರಿಯಲ್ಲಿ ಹೋಗುತ್ತಿತ್ತು. ನಡುವೆ ತುಂಡಾದರೆ ಅದರಾಚೆಗಿನ ಪಂಚಾಯಿತಿಗಳೆಲ್ಲ ಕತ್ತಲೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದಾಗ ಹೊರನಾಡಿಗೆ ಹೋಗುವವರು ಹಳುವಳ್ಳಿ ಮೇಲೆ ಸುತ್ತಿ ಹೋಗುತ್ತಾರೆ. ಆ ಸುತ್ತು ದಾರಿ ಇಲ್ಲದಿದ್ದರೆ ಏನಾಗುತ್ತಿತ್ತೋ ಅದೇ ನಮ್ಮ ಕೇಬಲ್ಲಿಗೆ ಪ್ರತಿ ಮಳೆಗಾಲದಲ್ಲೂ ಆಗುತ್ತಿದೆ. ಮರ ಬೀಳುವ, ಗುಡ್ಡ ಜರಿಯುವ ಮಲೆನಾಡಿಗೆ ಈ ಉಂಗುರ ಮೊದಲು ಬರಬೇಕು. ಬಯಲಿನಲ್ಲಿ ಕೆಲಸ ಸಲೀಸು, ಗುರಿ ಬೇಗ ಮುಟ್ಟುತ್ತದೆ ಎಂದು ನಮ್ಮನ್ನು ಕೊನೆಗೆ ತಳ್ಳಬಾರದು. ನಮ್ಮ ಅರಣ್ಯದಂಚಿನ ರಸ್ತೆಗಳಲ್ಲಿ ಅಗೆಯಲು ಅನುಮತಿ ತಡವಾಗುವುದು ಎಲ್ಲರಿಗೂ ಗೊತ್ತು. ಆ ಅರ್ಜಿಗಳು ಇಂದೇ ಹೊರಡಲಿ.

ಇದು ಯಾರೂ ಕೊಡುವ ದಾನವಲ್ಲ. ಟೆಲಿಕಾಂ ಕಂಪನಿಗಳ ಆದಾಯದ ಶೇ. 5ರಷ್ಟು ಗ್ರಾಮೀಣ ಸಂಪರ್ಕದ ನಿಧಿಗೆ ಹೋಗುತ್ತದೆ. ಆ ಲೈನ್ ಮನೆಯ ಹೆಣ್ಣುಮಗಳು ಹಾಕಿಸುವ ರೀಚಾರ್ಜಿನ ಪಾಲೂ ಅದರಲ್ಲಿದೆ.

ಜಿಲ್ಲೆಯ ದಿಶಾ ಸಮಿತಿಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಅಧಿಕಾರ ತಮಗಿದೆ. ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಪ್ರತಿ ಪಂಚಾಯಿತಿಯಲ್ಲಿ ಕಳೆದ ತಿಂಗಳು ಎಷ್ಟು ದಿನ ಹಸಿರು ದೀಪ ಉರಿಯಿತು? ಉತ್ತರವನ್ನು ಪ್ರತಿ ತಿಂಗಳೂ ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಲು ಹೇಳಿ. ರಿಪೇರಿಗೆ ಯಾರನ್ನು ಕರೆಯಬೇಕೆಂಬ ಫೋನ್ ಸಂಖ್ಯೆಯೂ ಅದರ ಕೆಳಗಿರಲಿ. ಕೇಬಲ್ ಇರುವ ರಸ್ತೆಯನ್ನು ಅಗೆಯುವ ಮುನ್ನ ರಸ್ತೆಯ ಮತ್ತು ಕೇಬಲಿನ ಇಬ್ಬರು ಎಂಜಿನಿಯರುಗಳೂ ಸ್ಥಳಕ್ಕೆ ಬಂದು ಗುರುತು ಹಾಕಲಿ.

ನಮ್ಮ ಆಪರೇಟರ್ ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಕೆಂಪು ದೀಪದ ದಿನಗಳನ್ನು ಬರೆದಿಡುತ್ತಾ ಬಂದಿದ್ದಾನೆ. ಸಭೆಯ ದಿನಾಂಕ ತಿಳಿಸಿದರೆ ಅದನ್ನು ಹಿಡಿದು ನಾನೇ ಚಿಕ್ಕಮಗಳೂರಿಗೆ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗ್ರಾಮ ಪಂಚಾಯಿತಿಯ ಒಬ್ಬ ಮಾಜಿ ಸದಸ್ಯ, ಕಳಸ ತಾಲ್ಲೂಕು