ಸಹಿ ಹಾಕುವ ಮುನ್ನ ಮಗುವಿನ ಪಾಲಿನ ಸಾಲು ಓದಿ

ಮಾನ್ಯ ಸಂಪಾದಕರೆ,

ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ ರಗಳೆ ಮುಗಿಯಿತು ಎಂದು ಬಹಳ ಮಂದಿ ನಂಬಿರುತ್ತಾರೆ. ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಕೈಗೆ ಬಂದು ಮೂರ್ನಾಲ್ಕು ವರ್ಷವಾದ ಮೇಲೆ ಶಾಲೆಯ ಶುಲ್ಕಕ್ಕೋ ಮನೆಯ ಸಾಲಕ್ಕೋ ಮತ್ತೆ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುವವರಲ್ಲಿ ಇಂಥವರೂ ಇದ್ದಾರೆ. ಜಂಟಿ ಅರ್ಜಿಯಲ್ಲಿ ಅವಸರಕ್ಕೆ ಬರೆದ ಎರಡು ಮೂರು ಸಾಲುಗಳೇ ಇದಕ್ಕೆಲ್ಲ ಮೂಲ. ಸಹಿ ಹಾಕಲು ಹೊರಟವರಿಗೆ ಉಪಯೋಗವಾಗಲಿ ಎಂದು ಈ ಪತ್ರ.

ಒಂದು ಸಾಲನ್ನೇ ನೋಡಿ: ‘ಒಂದನೇ ಅರ್ಜಿದಾರರು ಮಗುವಿನ ಪೋಷಣೆ ಹಾಗೂ ವಿದ್ಯಾಭ್ಯಾಸದ ವೆಚ್ಚ ಭರಿಸತಕ್ಕದ್ದು.’ ಓದಲು ಏನೂ ಕೊರತೆ ಕಾಣುವುದಿಲ್ಲ. ಹಣ ಬರುವುದು ನಿಂತು, ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಅಮಲ್ಜಾರಿ ಅರ್ಜಿ ಹಾಕಿದ ದಿನ ಮಾತ್ರ, ಎಷ್ಟು ಬಾಕಿ, ಯಾವ ತಾರೀಖಿನಿಂದ ಬಾಕಿ ಎಂಬ ನ್ಯಾಯಾಧೀಶರ ಮೊದಲ ಪ್ರಶ್ನೆಗೇ ಆ ಸಾಲಿನಲ್ಲಿ ಉತ್ತರ ಸಿಗುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಪ್ರತಿ ತಿಂಗಳ 5ನೇ ತಾರೀಖಿನೊಳಗೆ ತಾಯಿಯ ಇಂಥ ಬ್ಯಾಂಕ್ ಖಾತೆಗೆ 15,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 10ರಷ್ಟು ಹೆಚ್ಚಳ, ಶಾಲಾ ಶುಲ್ಕ ಇದರ ಹೊರತು, ರಸೀದಿ ಕಳಿಸಿದ 15 ದಿನದೊಳಗೆ ಪಾವತಿ, ಆಸ್ಪತ್ರೆಯ ಖರ್ಚು ಇಬ್ಬರಿಗೂ ಅರ್ಧರ್ಧ.’ ಆ ಶೇ 10ರ ಮಾತು ಸಣ್ಣದಲ್ಲ. ಇಂದು 5 ವರ್ಷದ ಮಗುವಿಗೆ ಸಿಗುವ 15,000 ಅದು 17 ಮುಟ್ಟುವ ಹೊತ್ತಿಗೆ 26,500 ದಾಟಿರುತ್ತದೆ. ಹೆಚ್ಚಳದ ಮಾತೇ ಇಲ್ಲದಿದ್ದರೆ, ಮೊತ್ತ ಏರಿಸಿಕೊಡಿ ಎಂದು ತಾಯಿ ಪ್ರತಿ ಸಲವೂ ಹೊಸ ಅರ್ಜಿ ಹಾಕಿ ಬೆಲೆ ಏರಿದ್ದನ್ನು ರುಜುವಾತು ಮಾಡುತ್ತಾ ಕೂರಬೇಕು.

ವಯಸ್ಸಿನ ವಿಚಾರದಲ್ಲಿ ಬಹಳ ಮಂದಿ ಎಡವುತ್ತಾರೆ. ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯವಿಲ್ಲದ ಮಗನಿಗೆ 18 ತುಂಬಿದರೆ ತಂದೆಯಿಂದ ಜೀವನಾಂಶ ಕೇಳುವ ಕಾನೂನಿನ ಹಕ್ಕು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಮದುವೆಯಾಗದ, ಸ್ವಂತ ಆದಾಯವಿಲ್ಲದ ಹಿಂದೂ ಮಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಅದರಾಚೆಗೂ ರಕ್ಷಣೆ ಕೊಡುತ್ತದೆ. ಆದರೆ ದೊಡ್ಡ ಖರ್ಚು ಶುರುವಾಗುವುದೇ ಪಿಯುಸಿ ಮುಗಿದ ಮೇಲೆ. ಹಾಗಾಗಿ ‘ಪದವಿ ಮುಗಿಯುವವರೆಗೆ’ ಎಂಬ ಎರಡು ಪದ ಒಪ್ಪಂದದಲ್ಲಿ ಇರಲೇಬೇಕು.

ನಮ್ಮನ್ನು ತೀರಾ ನೋಯಿಸುವ ಸಾಲು ಇನ್ನೊಂದಿದೆ: ‘ಪತ್ನಿಯು ತನ್ನ ಹಾಗೂ ಮಗುವಿನ ಜೀವನಾಂಶದ ಎಲ್ಲ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾಳೆ.’ ಬೇಗ ಬಿಡುಗಡೆಯಾದರೆ ಸಾಕು ಎಂದು ಸಹಿ ಹಾಕಿಬಿಡುತ್ತಾರೆ. ತನ್ನದನ್ನು ಬಿಡುವುದು ಅವರಿಗೆ ಸೇರಿದ್ದು. ಮಗುವಿನ ಹಕ್ಕು ಮಗುವಿನದು. ತಾಯಿಯ ಸಹಿಯಿಂದ ಅದು ಅಳಿಸುವುದಿಲ್ಲ. ಹೀಗೆ ಬರೆದುಕೊಟ್ಟ ಮೇಲೂ ಮಗುವಿನ ಪರವಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿ ಅರ್ಜಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ 2024ರ ಜುಲೈ 1ರಿಂದ ಈ ಸಂಖ್ಯೆಗೆ ಬಂದಿದೆ.

ಆಸ್ತಿಯ ಬಗ್ಗೆ ಇರುವ ತಪ್ಪು ತಿಳಿವಳಿಕೆಗೆ ಲೆಕ್ಕವಿಲ್ಲ. ಮದುವೆಯ ನಂತರ ಗಳಿಸಿದ್ದರಲ್ಲಿ ಅರ್ಧ ತಾನಾಗಿಯೇ ಹೆಂಡತಿಗೆ ಸೇರುತ್ತದೆ ಎಂಬ ನಿಯಮ ಗೋವಾದಲ್ಲಿದೆ, ಕರ್ನಾಟಕದಲ್ಲಿಲ್ಲ. ಇಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆ, ಹಣ ಯಾರದ್ದು ಎಂಬುದೇ ಮುಖ್ಯ. ಮದುವೆಯ ಸಮಯದಲ್ಲಿ ಬಂದು ಇಬ್ಬರಿಗೂ ಜಂಟಿಯಾಗಿ ಸೇರಿದ ವಸ್ತುಗಳ ಬಗ್ಗೆ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಪ್ರಕಾರ ನ್ಯಾಯಾಲಯ ಡಿಕ್ರಿಯಲ್ಲೇ ತೀರ್ಮಾನಿಸಬಹುದು. ಸ್ತ್ರೀಧನ ಪೂರ್ತಿಯಾಗಿ ಆಕೆಯದೇ. ಅದು ಯಾರ ಲಾಕರ್‌ನಲ್ಲಿದ್ದರೂ ಮಾತು ಬದಲಾಗದು. ಒಡವೆಯ ಪಟ್ಟಿಯನ್ನು ಗ್ರಾಂ ತೂಕದೊಂದಿಗೆ ಬರೆಯಿರಿ. ‘ಚಿನ್ನಾಭರಣ ಹಿಂದಿರುಗಿಸಲಾಗಿದೆ’ ಎಂದಷ್ಟೇ ಬರೆದು ಆಮೇಲೆ ಎಷ್ಟು ಬಳೆ, ಎಷ್ಟು ಸರ ಎಂದು ಕಾದಾಡುವುದು ಬೇಡ.

ಪಿತ್ರಾರ್ಜಿತ ಜಮೀನಿದ್ದ ಕಡೆ ಸೊಸೆಗೆ ಅದರಲ್ಲಿ ಪಾಲಿಲ್ಲ. ಆದರೆ ಅವಿಭಕ್ತ ಕುಟುಂಬದ ಆ ಜಮೀನಿನಲ್ಲಿ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಹುಟ್ಟಿನಿಂದಲೇ ಹಕ್ಕಿದೆ. ಅಪ್ಪ ಅಮ್ಮ ಬೇರೆಯಾದರೂ ಅದು ಹಾಗೇ ಉಳಿಯುತ್ತದೆ. ತಾತ ಸ್ವಂತ ದುಡಿಮೆಯಿಂದ ಕೊಂಡ ಜಮೀನಿಗೆ ಈ ಮಾತು ಅನ್ವಯಿಸದು, ಆದ್ದರಿಂದ ಪಹಣಿ ಒಂದನ್ನೇ ನಂಬಬೇಡಿ. ಮೂಲ ಕ್ರಯಪತ್ರ, ವಿಭಾಗಪತ್ರ, ಋಣಭಾರ ಪತ್ರ ಮೂರನ್ನೂ ತೆಗೆಸಿ ನೋಡಿ.

ಜಂಟಿ ಹೆಸರಿನ ಫ್ಲ್ಯಾಟ್ ಇದ್ದರೆ ಇನ್ನಷ್ಟು ಎಚ್ಚರ ಬೇಕು. ‘ಫ್ಲ್ಯಾಟ್ ಪತ್ನಿಗೆ, ಸಾಲ ಪತಿ ತೀರಿಸುವುದು’ ಎಂದು ಡಿಕ್ರಿಯಲ್ಲಿ ಬರೆದರೂ ಬ್ಯಾಂಕ್ ಅದಕ್ಕೆ ಬದ್ಧವಲ್ಲ. ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆಗಾರರು. ಪತಿ ಕಂತು ಕಟ್ಟದಿದ್ದರೆ ಪತ್ನಿಯ ಸಿಬಿಲ್ ಅಂಕವೂ ಕುಸಿಯುತ್ತದೆ, ಮನೆ ಹರಾಜಿಗೂ ಬರಬಹುದು. ಒಂದೋ ಸಾಲವನ್ನು ಒಬ್ಬರ ಹೆಸರಿಗೆ ಬದಲಾಯಿಸಲು ಬ್ಯಾಂಕಿನ ಲಿಖಿತ ಒಪ್ಪಿಗೆ ತನ್ನಿ, ಇಲ್ಲವೇ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳಿ. ಒಬ್ಬರು ತಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರವನ್ನೋ ದಾನಪತ್ರವನ್ನೋ ಡಿಕ್ರಿಗೆ ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ಕ್ಷೇಮ. ಡಿಕ್ರಿಯಾದ ಮೇಲೆ ಕಾನೂನಿನ ಕಣ್ಣಿಗೆ ಅವರು ಗಂಡ-ಹೆಂಡತಿಯಲ್ಲ, ಕುಟುಂಬದವರಿಗೆಂದು ಇರುವ ಮುದ್ರಾಂಕ ಶುಲ್ಕದ ರಿಯಾಯಿತಿಯನ್ನು ಆಗ ಕೇಳಲು ಬರುವುದಿಲ್ಲ.

ಹಣದ ಹಸ್ತಾಂತರಕ್ಕೂ ಒಂದು ಕ್ರಮವಿದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಒಂದು ವರ್ಷ ಬೇರೆ ಇದ್ದವರು ಜಂಟಿ ಅರ್ಜಿ ಹಾಕುತ್ತಾರೆ. ಆರು ತಿಂಗಳ ನಂತರ, 18 ತಿಂಗಳೊಳಗೆ ಎರಡನೇ ಹಂತ, ಅಂದರೆ ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಬಂದು ಒಪ್ಪಿಗೆ ಹೇಳುವುದು. ರಾಜಿಯ ದಾರಿಯೇ ಮುಚ್ಚಿದ್ದರೆ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಎರಡನೇ ಹಂತ ಮುಗಿಯುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಅದಕ್ಕೇ ಮೊದಲ ದಿನವೇ ಪೂರ್ತಿ ಹಣ ಕೊಡುವುದೂ ತಪ್ಪು, ಕೊನೆಯವರೆಗೆ ಏನೂ ಪಡೆಯದೆ ಇರುವುದೂ ತಪ್ಪು. ಒಂದು ಭಾಗ ಅರ್ಜಿಯ ದಿನ, ದೊಡ್ಡ ಭಾಗ ಎರಡನೇ ಹಂತದಲ್ಲಿ ನ್ಯಾಯಾಧೀಶರ ಎದುರು ಡಿಮ್ಯಾಂಡ್ ಡ್ರಾಫ್ಟ್ ಮೂಲಕ. ವರದಕ್ಷಿಣೆ ಕಿರುಕುಳದ ಕೇಸ್ ಇದ್ದರೆ ದೂರುದಾರಳು ‘ವಾಪಸ್ ಪಡೆಯುತ್ತೇನೆ’ ಎಂದು ಬರೆದುಕೊಟ್ಟ ಮಾತ್ರಕ್ಕೆ ಅದು ಮುಗಿಯುವುದಿಲ್ಲ, ಹೈಕೋರ್ಟ್ ರದ್ದುಪಡಿಸಬೇಕು. ಕೊನೆಯ ಕಂತನ್ನು ಆ ಆದೇಶದ ದಿನಕ್ಕೆ ಇಟ್ಟುಕೊಳ್ಳುವುದು ಇಬ್ಬರಿಗೂ ನ್ಯಾಯ.

ಒಪ್ಪಿಗೆಯಾಗದೆ ಜೀವನಾಂಶದ ವ್ಯಾಜ್ಯವೇ ನಡೆದರೆ, 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ರಜನೇಶ್ ವಿರುದ್ಧ ನೇಹಾ ತೀರ್ಪಿನಂತೆ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಯ ಅಫಿಡವಿಟ್ ಸಲ್ಲಿಸಬೇಕು. ಸಂಬಳ, ಬಾಡಿಗೆ, ಸಾಲ, ವಿಮೆ, ವಾಹನ, ಮಗುವಿನ ಖರ್ಚು, ಎಲ್ಲಕ್ಕೂ ಅದರಲ್ಲಿ ಕಾಲಂ ಇದೆ. ಆಕೆ ಹೀಗೆ, ಆತ ಹಾಗೆ ಎಂದು ಪುಟಗಟ್ಟಲೆ ದೂರು ಬರೆಯುವುದಕ್ಕಿಂತ ಈ ಕಾಲಂಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಶಾಲೆಯ ರಸೀದಿ ಸಮೇತ ತುಂಬಿದರೆ ಮೊತ್ತ ನಿಗದಿಗೆ ಹೆಚ್ಚು ನೆರವಾಗುತ್ತದೆ. ಅದೇ ತೀರ್ಪಿನ ಪ್ರಕಾರ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಆದೇಶದ ದಿನದಿಂದಲ್ಲ.

ವಸೂಲಿಯಲ್ಲಿ ಒಂದು ಗಡುವು ಮರೆಯಬೇಡಿ. 144ನೇ ಕಲಂ ಆದೇಶದ ಬಾಕಿಗೆ ವಾರಂಟ್ ಕೇಳಬೇಕಾದರೆ, ಹಣ ಸಲ್ಲಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಇಂದಲ್ಲ ನಾಳೆ ಕೊಟ್ಟಾರು’ ಎಂದು ಮೂರು ವರ್ಷ ಕಾದವರಿಗೆ ಮೊದಲೆರಡು ವರ್ಷದ ಬಾಕಿಗೆ ಆ ವಾರಂಟ್ ಸಿಗುವುದಿಲ್ಲ. ಸಿವಿಲ್ ಡಿಕ್ರಿಯಾದರೆ ಸಂಬಳ ಜಪ್ತಿಗೆ ದಾರಿ ಇದೆ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ ರಕ್ಷಣೆ, ಉಳಿದದ್ದು ಜಪ್ತಿಗೆ ಒಳಪಡುತ್ತದೆ.

ಕೈಯಲ್ಲಿ ದುಡ್ಡಿಲ್ಲದೆ ವಕೀಲರು ಹೇಗೆ ಎಂದು ಕೇಳುವವರಿಗೆ: ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಕೇಸ್ ಹಾಕುವುದಕ್ಕೇ ಹೋಗಬೇಕೆಂದಿಲ್ಲ, ಜಂಟಿ ಅರ್ಜಿಯ ಕರಡನ್ನು ಹಿಡಿದು ಹೋದರೂ ಓದಿ ಹೇಳುತ್ತಾರೆ. ಕರಡು ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಕನ್ನಡದಲ್ಲಿ ಬರೆಸಿ ಎಂದು ಕೇಳಿ. ನಮ್ಮ ಜಿಲ್ಲಾ ಮಟ್ಟದ ನ್ಯಾಯಾಲಯಗಳಲ್ಲಿ ಕನ್ನಡದ ಅರ್ಜಿಗೆ ಯಾವ ಅಡ್ಡಿಯೂ ಇಲ್ಲ.

ಇತಿ,
ಕೌಟುಂಬಿಕ ವ್ಯಾಜ್ಯಗಳನ್ನು ನಡೆಸುವ ವಕೀಲರು